ಹುಣಸೆಬೀಜದ ಗಾತ್ರದ ನೆರಳು

ನಮ್ಮ ಆಸ್ಪತ್ರೆಗೆ ಎಕ್ಸ್‌ರೇ ಯಂತ್ರ ಬಂದು ಮೂರು ತಿಂಗಳಾಗಿತ್ತು. ಯಂತ್ರದ ಜೊತೆಗೇ ಬಂದ ಹೊಸ ಡಾಕ್ಟರಿಗೂ ಮೂರೇ ತಿಂಗಳು. ಯಂತ್ರದ ಮೇಲೆ ನನಗೇನೂ ಸಿಟ್ಟಿರಲಿಲ್ಲ, ಅದು ಮಾತಾಡುತ್ತಿರಲಿಲ್ಲ. ಹೊಸ ಡಾಕ್ಟರು ಮಾತಾಡುತ್ತಿದ್ದರು. ಅದೂ ಮೆತ್ತಗೆ, ನಗುನಗುತ್ತ, ಎಲ್ಲರಿಗೂ ಬಹುವಚನ ಕೊಟ್ಟು. ವಾರ್ಡು ಗುಡಿಸುವವಳಿಗೂ ‘ಅಮ್ಮ’ ಎನ್ನುತ್ತಿದ್ದರು. ಅವರಲ್ಲಿ ಒಂದಾದರೂ ಕುಂದು ಸಿಕ್ಕೀತೆಂದು ಅವರು ಬಂದ ದಿನದಿಂದ ನಾನು ಕಣ್ಣಿಟ್ಟು ಕಾದಿದ್ದೆ. ಸಿಕ್ಕಿದ್ದು ಇಷ್ಟೇ: ಕಾಫಿಗೆ ಸಕ್ಕರೆ ಜಾಸ್ತಿ ಹಾಕಿಕೊಳ್ಳುತ್ತಿದ್ದರು.

ನಾನು ಅಲ್ಲಿ ಸಬ್ ಅಸಿಸ್ಟೆಂಟ್ ಸರ್ಜನ್. ಮೂತ್ರದಲ್ಲಿ ಕಲ್ಲಾದವರು ಬಂದರೆ ಚೀಟಿ ಬರೆಯುವವನೇ ‘ಕಲ್ಲು ಡಾಕ್ಟ್ರ ಹತ್ರ ಹೋಗಿ’ ಎಂದು ನನ್ನ ಕೋಣೆಯತ್ತ ಕೈ ತೋರಿಸುತ್ತಿದ್ದ. ಬಾಗಿದ ಉಕ್ಕಿನ ಕಡ್ಡಿಯೊಂದನ್ನು ಮೂತ್ರಕೋಶದೊಳಕ್ಕೆ ಇಳಿಸಿ, ಅದರ ತುದಿ ಕಲ್ಲಿಗೆ ತಗುಲಿದಾಗ ‘ಟಕ್’ ಎಂದು ಬೆರಳಿಗೆ ಬರುವ ಸದ್ದನ್ನು ನಾನು ಎಂದೂ ತಪ್ಪಿಸಿಕೊಂಡವನಲ್ಲ. ಮೇಲಿನ ಕಲ್ಲಿಗೆ, ಅಂದರೆ ಮೂತ್ರಪಿಂಡದ್ದಕ್ಕೆ, ಕಡ್ಡಿ ತಲುಪುವುದಿಲ್ಲ. ಅಲ್ಲಿ ಬೆರಳು, ಕಿವಿ, ರೋಗಿಯ ಮಾತು ಇವೇ ಆಧಾರ. ಅದರಲ್ಲೂ ನನಗೆ ಹೆಸರಿತ್ತು. ಮೇಜಿನ ಮೇಲೆ ಒಂದು ಗಾಜಿನ ಸೀಸೆಯಿತ್ತು. ನನ್ನ ಕೈಯಲ್ಲಿ ವಾಸಿಯಾದವರ ಕಲ್ಲುಗಳೆಲ್ಲ ಅದರೊಳಗೆ. ದೊಡ್ಡ ಡಾಕ್ಟರು, ಅಂದರೆ ನಮ್ಮ ಮುಖ್ಯ ಸರ್ಜನ್ನರು, ಹೊರಗಿನವರು ಯಾರಾದರೂ ಬಂದರೆ ಮೊದಲು ಆ ಸೀಸೆ ತೋರಿಸುತ್ತಿದ್ದರು. ಯಂತ್ರ ಬಂದ ಮೇಲೆ ಬಂದವರನ್ನೆಲ್ಲ ಎಕ್ಸ್‌ರೇ ಕೋಣೆಗೇ ನೇರವಾಗಿ ಕರೆದೊಯ್ದರು. ಸೀಸೆಯ ಮೇಲೆ ಧೂಳು ಕೂತದ್ದನ್ನು ನಾನು ಬೇಕೆಂದೇ ಒರೆಸಲಿಲ್ಲ. ಯಾರಾದರೂ ಗಮನಿಸಿ ಕೇಳಲಿ ಎಂದಿದ್ದೆ. ಯಾರೂ ಕೇಳಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಜಟಕಾದಲ್ಲಿ ಭಟ್ಟಿ ಮೇಸ್ತ್ರಿಯನ್ನು ಕರೆತಂದರು. ಚರ್ಚಿನ ಹಿಂದಿನ ಬೀದಿಯಲ್ಲಿ ಬ್ರೆಡ್ಡು, ಬನ್ನು ಸುಡುವ ಭಟ್ಟಿ ಅವನದು. ತಲೆಮಾರುಗಳಿಂದ ಊರಲ್ಲೇ ನೆಲೆಸಿದ ಕ್ರೈಸ್ತರ ಮನೆತನ. ನನ್ನ ಹಳೆಯ ರೋಗಿ. ಸೀಸೆಯೊಳಗಿನ ಎರಡು ಕಲ್ಲು ಅವನವೇ. ಎರಡೂ ಸಲ ಬಾರ್ಲಿ ನೀರು, ಮಿಕ್ಸ್ಚರು, ಬಿಸಿನೀರಿನ ತೊಟ್ಟಿಯಲ್ಲೇ ಇಳಿದು ಬಂದಿದ್ದವು.

ಮೇಸ್ತ್ರಿಗೆ ಮಲಗಲೂ ಆಗುತ್ತಿರಲಿಲ್ಲ, ಕೂರಲೂ ಆಗುತ್ತಿರಲಿಲ್ಲ. ಬೆವರು ಸುರಿಯುತ್ತಿತ್ತು. ಎರಡು ಸಲ ವಾಂತಿಯಾಗಿತ್ತು. ಹೊಟ್ಟೆಯೊಳಗೆ ಕೀವಾದವನು ಅಲ್ಲಾಡದೆ ಬಿದ್ದಿರುತ್ತಾನೆ. ಕಲ್ಲಿನವನು ಒದ್ದಾಡುತ್ತಾನೆ. ಬಾಗಿಲಲ್ಲಿ ನೋಡಿದಾಗಲೇ ನನಗೆ ಗೊತ್ತಾಯಿತು.

“ಈ ಸಲ ಸಾಯಿಸ್ಬುಡುತ್ತೆ ಕಣ್ರೀ ಡಾಕ್ಟ್ರೇ” ಎಂದ. “ಎಂಗೆ ಕೂತ್ರೂ ಆಯ್ತಿಲ್ಲ. ಬಲಗಡೆ ಸೊಂಟದ ಮೇಲೆ ಇಡ್ಕೊಂಡು ಕೆಳಕ್ಕೆ ಎಳೀತದೆ.”

“ನೀರು ಕುಡಿ ಅಂತ ಹೇಳಿದ್ದೆನಲ್ಲ, ಕುಡೀತಿದ್ದೆಯೇನಯ್ಯ?”

“ಭಟ್ಟಿ ಮುಂದೆ ನಿಂತ್ಕೊಂಡು ನೀರು ಎಂಗೆ ಕುಡೀಲಿ? ಕುಡಿದ್ರೆ ಒರಕ್ಕೆ ಓಗ್ಬೇಕು. ಓಗಿ ಬರೋವಷ್ಟ್ರಲ್ಲಿ ಬನ್ನು ಸೀದೋಯ್ತದೆ.”

ಅವನ ಕಲ್ಲಿಗೆ ಕಾರಣ ಇದೇ. ಮೈಯಲ್ಲಿನ ನೀರೆಲ್ಲ ಭಟ್ಟಿಯ ಕಾವಿಗೆ ಬೆವರಾಗಿ ಹೋಗುತ್ತಿತ್ತು. ಉಳಿದ ಒಂದಿಷ್ಟು ಮೂತ್ರ ಗಟ್ಟಿಯಾಗಿ, ಅದರಲ್ಲಿ ಕರಗಿರಬೇಕಾದ ಲವಣ ಹರಳಾಗಿ ತಳದಲ್ಲಿ ಕೂರುತ್ತಿತ್ತು. ಇದನ್ನು ನಾನು ಅವನಿಗೆ ಎರಡು ಸಲ ಬಿಡಿಸಿ ಹೇಳಿದ್ದೆ. ಎರಡು ಸಲವೂ ತಲೆಯಾಡಿಸಿ ಹೋಗಿದ್ದ.

ಮಾರ್ಫಿಯಾ ಸೂಜಿ ಕೊಟ್ಟು ನೋವು ತಗ್ಗಿಸಿದೆ. ಮೂತ್ರವನ್ನು ಮೊನಚು ತಳದ ಗಾಜಿನ ಲೋಟದಲ್ಲಿ ಕೂರಲು ಬಿಟ್ಟು, ತಳದ ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟೆ. ಕೆಂಪು ರಕ್ತಕಣಗಳಿದ್ದವು. ಟಪಾಲು ಲಕೋಟೆಯ ಬೆನ್ನಿನಂತೆ ಅಡ್ಡಗೆರೆಯಿರುವ ಹರಳುಗಳೂ ಇದ್ದವು, ಎರಡೂ ಕಲ್ಲಿನ ಗುರುತು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ನೋವಿನ ಜಾಗ ಬದಲಾಗಿತ್ತು. ಸೊಂಟದ ಮೇಲಿದ್ದದ್ದು ತೊಡೆಸಂದಿಗೆ ಇಳಿದಿತ್ತು. ಗಳಿಗೆಗೊಮ್ಮೆ ಮೂತ್ರಕ್ಕೆ ಅವಸರ, ತುದಿಯಲ್ಲಿ ಉರಿ. ಕಲ್ಲು ಚಿಕ್ಕದು, ಮೂತ್ರನಾಳದೊಳಗೆ ಕೆಳಗಿಳಿದು ಮೂತ್ರಕೋಶದ ಬಾಗಿಲಲ್ಲಿ ನಿಂತಿದೆ, ಇನ್ನು ಕೆಲವು ದಿನ ಕಾದರೆ ಹೊರಬೀಳುತ್ತದೆ. ಕೇಸ್ ಶೀಟಿನಲ್ಲಿ ಇಷ್ಟನ್ನೂ ನನ್ನ ದುಂಡನೆಯ ಅಕ್ಷರದಲ್ಲಿ ಬರೆದೆ. ನನ್ನ ಅಕ್ಷರವನ್ನು ಹೊಗಳದವರು ಆಸ್ಪತ್ರೆಯಲ್ಲಿ ಇರಲಿಲ್ಲ.

ಸೋಮವಾರ ಬೆಳಿಗ್ಗೆ ದೊಡ್ಡ ಡಾಕ್ಟರು ಹಾಸಿಗೆಯ ಬಳಿ ನಿಂತು ಶೀಟು ಓದಿದರು. ಓದಿ ಮುಗಿಸಿ, “ಸರಿ, ಇವರಿಗೊಂದು ಎಕ್ಸ್‌ರೇ ಪ್ಲೇಟ್ ತೆಗೆದ್ಬಿಡಿ” ಎಂದು ನನ್ನ ಪಕ್ಕದಲ್ಲಿದ್ದ ಹೊಸ ಡಾಕ್ಟರಿಗೆ ಹೇಳಿದರು. ನಾನು ಬರೆದದ್ದು ಸರಿ ಎಂದೂ ಅನ್ನಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ.

ಹೊಸ ಡಾಕ್ಟರು ನನ್ನನ್ನು ಕರೆದರು. “ನೀವೂ ಬನ್ನಿ. ಇವರನ್ನು ನೀವು ಬಹಳ ದಿನದಿಂದ ಬಲ್ಲಿರಿ. ನೀವಿದ್ದರೆ ಅವರಿಗೆ ಧೈರ್ಯ.”

“ನನಗೆ ಹೊರರೋಗಿಗಳಿದ್ದಾರೆ” ಎಂದೆ. ಅಂದು ಹೊರರೋಗಿಗಳಿದ್ದದ್ದು ನಾಲ್ಕೇ ಜನ. ಅಂದು ನಾನು ಆ ಕೋಣೆಯೊಳಗೆ ಹೋಗಿದ್ದಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲ. ಬಾಗಿಲ ತನಕ ಹೋಗಿ, ಪರದೆಯ ಸಂದಿಯಿಂದ ನೋಡಿ ಬಂದೆ. ಹೊಸ ಡಾಕ್ಟರು ಸೀಸದ ನಿಲುವಂಗಿ ತೊಟ್ಟಿದ್ದರು. ಸೀಸದೊಳಗೆ ಈ ಕಿರಣ ಹಾಯುವುದಿಲ್ಲವೆಂದು ಮೊದಲ ವಾರವೇ ನಮಗೆಲ್ಲ ಹೇಳಿಕೊಟ್ಟಿದ್ದರು. ಮೇಸ್ತ್ರಿಯ ಕೊರಳಿನ ಪದಕವನ್ನೂ ಉಡಿದಾರದ ಬೀಗದ ಕೈಯನ್ನೂ ಬಿಚ್ಚಿಸಿದರು, ಲೋಹವಿದ್ದರೆ ನೆರಳು ಬೀಳುತ್ತದೆಂದು. ಪದಕವನ್ನು ಮೇಸ್ತ್ರಿ ಮುತ್ತಿಟ್ಟು ಬಿಚ್ಚಿಕೊಟ್ಟ. ಒಳಂಗಿ ತೆಗೆಯಿರಿ ಎಂದಾಗ ಮಾತ್ರ, “ಚಳಿ ಆಯ್ತದೆ ಸ್ವಾಮಿ, ಬರೀ ಬಟ್ಟೆ ಇದು, ಗುಂಡಿ ಕೂಡ ಇಲ್ಲ” ಎಂದು ಕೈಕಟ್ಟಿ ಕೂತ. ಹೊಸ ಡಾಕ್ಟರು ಒತ್ತಾಯ ಮಾಡಲಿಲ್ಲ. ಅವನನ್ನು ಗಾಜಿನ ಪ್ಲೇಟಿನ ಮೇಲೆ ಅಂಗಾತ ಮಲಗಿಸಿ, “ಉಸಿರು ಬಿಗಿ ಹಿಡೀರಿ” ಎಂದರು. ಯಂತ್ರ ಗುಂಯ್‌ಗುಟ್ಟಿತು. ನಾನು ಅಲ್ಲಿಂದ ಬಂದುಬಿಟ್ಟೆ.

ಹನ್ನೊಂದು ಗಂಟೆಗೆ ಒದ್ದೆ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ದೊಡ್ಡ ಡಾಕ್ಟರಿಗೆ ತೋರಿಸಿದರು. ಬಲಗಡೆ, ಮೂತ್ರಪಿಂಡ ಇರಬೇಕಾದ ಎತ್ತರದಲ್ಲೇ, ಬಿಳಿಯ ಕಲೆ. ಅಂಚು ಖಚಿತವಾಗಿತ್ತು. ಹುಣಸೆಬೀಜದ ಗಾತ್ರ.

“ನೋಡಿದಿರೇನ್ರೀ” ಎಂದು ದೊಡ್ಡ ಡಾಕ್ಟರು ನನ್ನ ಕಡೆ ತಿರುಗಿದರು. “ನೀವು ಕೆಳಗೆ ಇಳಿದಿದೆ ಅಂತ ಬರೆದಿದ್ದೀರಿ. ಇದು ಇಳಿಯೋ ಕಲ್ಲಲ್ಲ. ಬುಧವಾರ ಎಂಟಕ್ಕೆ ಇಟ್ಕೊಳ್ಳೋಣ.”

ಬುಧವಾರ ಎಂಟಕ್ಕೆ ಎಂದರೆ ಆಪರೇಷನ್. ಬೆನ್ನ ಪಕ್ಕದಿಂದ ಕೊಯ್ದು, ಮೂತ್ರಪಿಂಡವನ್ನು ಸೀಳಿ ಕಲ್ಲು ಹುಡುಕುವುದು. ರಕ್ತ ನಿಲ್ಲದಿದ್ದರೆ ಪಿಂಡವನ್ನೇ ತೆಗೆಯುವುದು. ಹೋದ ರಕ್ತವನ್ನು ತುಂಬಿಕೊಡುವ ಏರ್ಪಾಡು ಆಗ ನಮ್ಮಲ್ಲಿರಲಿಲ್ಲ. ಕ್ಲೋರೋಫಾರಂ ಕೊಡುವ ಕೆಲಸ ಯಾವತ್ತಿನಂತೆ ನನ್ನದು.

ಹೊಸ ಡಾಕ್ಟರು ಹೊರಗೆ ಬಂದು, “ನಿಮ್ಮ ನೋಟ್ಸ್ ಓದಿದೆ. ನೋವು ಇಳಿದಿದೆ ಅಂತ ಬರೆದಿದ್ದೀರಲ್ಲ, ಅದು ನನಗೂ ಕೊರೀತಾ ಇದೆ” ಎಂದರು. ನನಗೆ ಅದು ಸಮಾಧಾನದ ಮಾತಿನಂತೆ ಕೇಳಿಸಿತು. ಅವರು ನನ್ನನ್ನು ಸಮಾಧಾನ ಪಡಿಸುವುದು ನನಗೆ ಬೇಕಿರಲಿಲ್ಲ. “ಪ್ಲೇಟ್ ಸುಳ್ಳು ಹೇಳುತ್ತದೆಯೇ?” ಎಂದು ನಡೆದುಬಿಟ್ಟೆ.

ಅಂದು ಸಂಜೆ ಐದರ ಹೊತ್ತಿಗೆ ಮೇಸ್ತ್ರಿಗೆ ಶಾಖ ಕೊಡಲು ನಾನೇ ಹೋದೆ. ಅದು ಡ್ರೆಸ್ಸರನ ಕೆಲಸ. ಆದರೆ ಹಳೆಯ ರೋಗಿಗೆ ನನ್ನ ಕೈ ಬೇಕು ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಬೋರಲು ಮಲಗು ಎಂದರೆ ಮೇಸ್ತ್ರಿ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಏನಯ್ಯ, ಹೊಸ ಮದುವಣಗಿತ್ತಿ ಥರ ಆಡ್ತೀಯ” ಎಂದು ಅಂಗಿ ಎತ್ತಿದೆ.

ಬಲಗಡೆ, ಕೊನೆಯ ಪಕ್ಕೆಲುಬಿನ ಕೆಳಗೆ, ಬರೆ ಹಾಕಿದ ಗಾಯವಿತ್ತು. ಕಾದ ಕಬ್ಬಿಣದ ತುದಿ ಒತ್ತಿದ ಗುರುತು. ಅದರ ಮೇಲೆ ಬಟ್ಟೆಯ ತುಂಡಿಗೆ ಮುಲಾಮು ಬಳಿದು ಅಂಟಿಸಿದ್ದರು. ಮುಲಾಮು ಒಣಗಿ, ದಪ್ಪನಾಗಿ ಗಟ್ಟಿಗಟ್ಟಿ, ಕಪ್ಪು ಕೆಂಪಾಗಿತ್ತು. ಹುಣಸೆಬೀಜದ ಗಾತ್ರ.

“ಯಾರು ಹಾಕಿದ್ದು?”

“ಇನಕಲ್ಲಲ್ಲಿ ಒಬ್ರವ್ರೆ. ಒಟ್ಟೆನೋವಿಗೆ ಬರೆ ಹಾಕ್ತಾರೆ. ಗುರುವಾರ ಓಗಿದ್ದೆ.” ಮುಖವನ್ನು ದಿಂಬಿಗೆ ಒತ್ತಿಕೊಂಡು ಹೇಳಿದ. “ನೀವು ಬೈತೀರಾ ಅಂತ ಏಳ್ಲಿಲ್ಲ.”

ಬೈಯುವುದು ನಿಜ. ಬರೆ ಹಾಕಿಸಿಕೊಂಡು ಬಂದವರನ್ನು ಆಸ್ಪತ್ರೆಯಲ್ಲಿ ನಾವು ಸಿಕ್ಕಾಪಟ್ಟೆ ಬೈಯುತ್ತಿದ್ದೆವು. ಹಾಗಾಗಿ ಜನ ಬರೆ ಹಾಕಿಸಿಕೊಳ್ಳುವುದನ್ನು ಬಿಡಲಿಲ್ಲ, ತೋರಿಸುವುದನ್ನು ಬಿಟ್ಟರು.

“ಮುಲಾಮು ಯಾತರದ್ದು?”

“ಸಿಂಧೂರನ ಎಣ್ಣೇಲಿ ಕಾಯಿಸಿ ಮಾಡ್ತಾರಂತೆ. ಗಾಯ ಬೇಗ ಒಣಗ್ತದೆ.”

ಸಿಂಧೂರ ಎಂದರೆ ಸೀಸ ಸುಟ್ಟ ಪುಡಿ. ನಾನು ಶಾಖದ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತೆ. ಮೇಸ್ತ್ರಿ ಪ್ಲೇಟಿನ ಮೇಲೆ ಅಂಗಾತ ಮಲಗಿದ್ದ. ಸೀಸದ ಈ ತುಂಡು ಅವನ ಬೆನ್ನಿಗೂ ಗಾಜಿಗೂ ನಡುವೆ ಒತ್ತಿಕೊಂಡಿತ್ತು. ಇಡೀ ಆಸ್ಪತ್ರೆ ಕಿಟಕಿಗೆ ಹಿಡಿದು ನೋಡಿ ಬೆರಗಾದದ್ದು ಹಿನಕಲ್ ಹಳ್ಳಿಯ ಮುಲಾಮನ್ನು.

ಆಗ ನನಗಾದದ್ದನ್ನು ಮರೆಮಾಚದೆ ಬರೆಯುತ್ತೇನೆ. ಖುಷಿಯಾಯಿತು. ಮೂರು ತಿಂಗಳಲ್ಲಿ ಅಷ್ಟು ಖುಷಿ ಆಗಿರಲಿಲ್ಲ. ಬುಧವಾರ ಕೊಯ್ದು ನೋಡುತ್ತಾರೆ, ಕಲ್ಲಿಲ್ಲ. ಇನ್ನಷ್ಟು ಹುಡುಕುತ್ತಾರೆ, ಇಲ್ಲ. ದೊಡ್ಡ ಡಾಕ್ಟರು ಹೊಸ ಡಾಕ್ಟರ ಮುಖ ನೋಡುತ್ತಾರೆ. ಆಗ ನಾನು ಜೇಬಿನಿಂದ ಈ ತುಂಡನ್ನು ತೆಗೆದು, ‘ಇದೇನೋ ನೋಡಿ ಸಾರ್’ ಎಂದು ಮುಂದಿಡುತ್ತೇನೆ. ಈ ಚಿತ್ರದಲ್ಲಿ ಮೇಸ್ತ್ರಿ ಮೇಜಿನ ಮೇಲೆ ಕೊಯ್ಸಿಕೊಂಡು ಮಲಗಿದ್ದ. ಅವನ ಕಡೆ ನನ್ನ ಕಣ್ಣು ಹೋಗಲಿಲ್ಲ.

ಮುಲಾಮಿನ ತುಂಡನ್ನು ಬಿಸಿನೀರಿನಿಂದ ನೆನೆಸಿ ಬಿಡಿಸಿದೆ. ಗಾಯ ತೊಳೆದು, ಬೋರಿಕ್ ಹಾಕಿ ಕಟ್ಟು ಕಟ್ಟಿದೆ. ತುಂಡನ್ನು ಕಾಗದದಲ್ಲಿ ಮಡಿಚಿ ನನ್ನ ಮೇಜಿನ ಸೆಳೆಖಾನೆಗೆ ಹಾಕಿ ಬೀಗ ಹಾಕಿದೆ. ಆಮೇಲೆ, ಕೈ ತೊಳೆದಷ್ಟೇ ಸಹಜವಾಗಿ, ವಾರ್ಡಿನ ಡ್ರೆಸ್ಸಿಂಗ್ ರಿಜಿಸ್ಟರಿನಲ್ಲಿ ಬರೆದೆ: ಸೋಮವಾರ ಸಂಜೆ ಐದೂಕಾಲು, ಬೆನ್ನಿನ ಬಲಗಡೆ ಸುಟ್ಟ ಗಾಯ, ಅಂಟಿದ ಮುಲಾಮು ತೆಗೆದು ಕಟ್ಟು. ಇಪ್ಪತ್ತು ವರ್ಷದಲ್ಲಿ ಕಟ್ಟು ಕಟ್ಟಿ ರಿಜಿಸ್ಟರು ಬರೆಯದೆ ಬಂದವನಲ್ಲ ನಾನು. ಬುದ್ಧಿ ಕೆಟ್ಟರೂ ಅಭ್ಯಾಸ ಕೆಡುವುದಿಲ್ಲ.

ಮಂಗಳವಾರ ಮಧ್ಯಾಹ್ನ ಮೇಸ್ತ್ರಿಯ ಹೆಂಡತಿ ನನ್ನ ಕೋಣೆಗೆ ಬಂದಳು. ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡೊಂದನ್ನು ಮೇಜಿನ ಮೇಲಿಟ್ಟಳು. ಭಟ್ಟಿಯನ್ನು ಈಗ ಅವಳೇ ನೋಡಿಕೊಳ್ಳುತ್ತಿದ್ದಳು. ಬ್ರೆಡ್ಡಿನ ಒಂದು ಪಕ್ಕ ಸೀದಿತ್ತು.

“ಬರೆ ಇಚಾರ ನಿಮ್ಗೆ ಗೊತ್ತಾಯ್ತಂತೆ” ಎಂದಳು. “ಕರ್ಕೊಂಡೋದೋಳು ನಾನೇ ಕಣ್ರೀ ಡಾಕ್ಟ್ರೇ. ನೋವು ನೋಡೋಕಾಗ್ದೆ ಕರ್ಕೊಂಡೋಗ್ಬುಟ್ಟೆ. ಚರ್ಚಿನ ಸ್ವಾಮಿಗಳ ಕಿವೀಗೆ ಬೀಳಬಾರ್ದು. ಮಂತ್ರ ಹಾಕಿಸ್ಕೊಂಡು ಬಂದ್ರಿ ಅಂತಾರೆ. ಯಾರ್ಗೂ ಏಳ್ಬೇಡಿ.”

“ಹೇಳೋದಿಲ್ಲ, ಹೋಗಮ್ಮ” ಎಂದೆ. ಹೇಳುವಾಗಲೇ ಮನಸ್ಸು ಹಗುರವಾಯಿತು, ನಾನು ಬಾಯಿ ಮುಚ್ಚಿಕೊಂಡದ್ದಕ್ಕೆ ಒಂದು ಮರ್ಯಾದಸ್ಥ ಕಾರಣ ಸಿಕ್ಕಿಬಿಟ್ಟಿತ್ತು. ರೋಗಿಯ ಗುಟ್ಟು. ವೈದ್ಯನಾದವನು ಕಾಯಬೇಕಾದ್ದು. ಮಂಗಳವಾರ ಸಂಜೆಯವರೆಗೆ ನಾನು ಆ ಕಾರಣವನ್ನೇ ಹೊದ್ದುಕೊಂಡು ಓಡಾಡಿದೆ.

ಬಾಗಿಲಲ್ಲಿ ಅವಳು ತಿರುಗಿ ನಿಂತಳು. “ನಾಳೆ ಒಳ್ಗೆ ನೀವೂ ಇರ್ತೀರಲ್ಲ?”

“ಇರ್ತೀನಿ.”

“ಅಷ್ಟು ಸಾಕು. ಆ ಹೊಸ ಡಾಕ್ಟ್ರು ಒಳ್ಳೇವ್ರೇ, ನಮ್ಮೆಜಮಾನ್ರಿಗೆ ತಾವೇ ನೀರು ಕುಡಿಸಿದ್ರು. ಆದ್ರೂ ನೀವಿದ್ರೇನೇ ಧೈರ್ಯ.”

ಅವಳು ಹೋದ ಮೇಲೆ ನನಗೆ ಉಳಿದದ್ದು ಒಂದೇ ಮಾತು: ಅವರು ತಾವೇ ನೀರು ಕುಡಿಸಿದರಂತೆ. ನನ್ನ ರೋಗಿಗೆ.

ಬುಧವಾರ ಬೆಳಿಗ್ಗೆ ಏಳಕ್ಕೆ ಮುಂಚೆ ಹೋದೆ. ಕ್ಲೋರೋಫಾರಂ ಸೀಸೆ, ತಂತಿಯ ಮುಖವಾಡ, ಅದಕ್ಕೆ ಹೊಸ ಲಿಂಟು ಬಟ್ಟೆ, ನಾಲಿಗೆ ಹಿಡಿಯುವ ಇಕ್ಕಳ ಎಲ್ಲ ಜೋಡಿಸಿಟ್ಟೆ. ಸೆಳೆಖಾನೆಯಿಂದ ಕಾಗದದ ಪೊಟ್ಟಣ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡೆ. ಕ್ಲೋರೋಫಾರಂ ಕೊಡುವ ಮೊದಲು ರೋಗಿಯ ಎದೆ ಪರೀಕ್ಷೆ ಮಾಡಿ ಶೀಟಿಗೆ ರುಜು ಹಾಕಬೇಕು. ಮೇಸ್ತ್ರಿ ಸ್ಟ್ರೆಚರಿನ ಮೇಲಿದ್ದ. ಹೊಟ್ಟೆ ತೊಳೆಯಲು ರಾತ್ರಿ ಕೊಟ್ಟ ಹರಳೆಣ್ಣೆಯಿಂದ ಕಣ್ಣು ಗುಳಿ ಬಿದ್ದಿತ್ತು. ಎದೆಗೆ ಸ್ಟೆಥಾಸ್ಕೋಪ್ ಇಟ್ಟೆ.

“ಈವತ್ತು ಸೊಂಟದಲ್ಲಿ ನೋವೇ ಇಲ್ಲ ಡಾಕ್ಟ್ರೇ. ಎಲ್ಲಾ ಕೆಳಗೇನೇ.”

ನಾನು ಸ್ಟೆಥಾಸ್ಕೋಪನ್ನು ಇನ್ನೊಂದು ಪಕ್ಕಕ್ಕೆ ಸರಿಸಿದೆ. ಎದೆ ಕೇಳುತ್ತಿದ್ದೆ.

“ಅವತ್ತು ಆ ಮಿಸೀನಲ್ಲಿ ಉಸಿರು ಇಡ್ಕೋ ಅಂದ್ರು. ಎಷ್ಟೊತ್ತು ಅಂತ ಗೊತ್ತಾಗ್ದೆ ಎದ್ರಿಕೆ ಆಗೋಯ್ತು” ಎಂದ. “ಈವತ್ತು ಅಂಗಿಲ್ಲ. ನೀವು ಇಡ್ಕೋ ಅಂದ್ರೆ ಇಡ್ಕೋತೀನಿ, ಬುಡು ಅಂದ್ರೆ ಬುಡ್ತೀನಿ.”

ಅವನ ಎದೆ ಬಡಿತ ನನ್ನ ಕಿವಿಯಲ್ಲೇ ಇತ್ತು. ಗಟ್ಟಿ ಎದೆ, ಒಂದು ಬಡಿತವೂ ತಪ್ಪುತ್ತಿರಲಿಲ್ಲ. ಅದನ್ನು ಮಲಗಿಸಿ, ಏನೂ ಇಲ್ಲದ ಕಡೆ ಕೊಯ್ಯಲು ಒಪ್ಪಿಸುವುದಕ್ಕೆ ನಾನು ರುಜು ಹಾಕಬೇಕಿತ್ತು. ಪೆನ್ನು ತೆಗೆದೆ. ಹೆಸರಿನ ಮೊದಲಕ್ಷರ ಬರೆದೆ. ಎರಡನೆಯದು ಬರೆಯಲಾಗಲಿಲ್ಲ. ಧರ್ಮ, ಕರ್ಮ ಯಾವುದೂ ಹೊಳೆಯಲಿಲ್ಲ, ಕೈ ಓಡಲಿಲ್ಲ ಅಷ್ಟೇ. ನಾನು ಶೀಟನ್ನು ಮಡಿಚಿ ಎಕ್ಸ್‌ರೇ ಕೋಣೆಗೆ ಹೋದೆ.

ಹೊಸ ಡಾಕ್ಟರು ಕಿಟಕಿಯ ಬಳಿ ಅದೇ ಪ್ಲೇಟನ್ನು ಮತ್ತೆ ಹಿಡಿದು ನೋಡುತ್ತಿದ್ದರು. ಪೊಟ್ಟಣವನ್ನು ಬಿಚ್ಚಿ ಅವರ ಮುಂದಿಟ್ಟೆ. ಬರೆ, ಸಿಂಧೂರ, ಅಂಗಾತ ಮಲಗಿದ್ದು ಎಲ್ಲ ಹೇಳಿದೆ. ಚರ್ಚಿನವರ ಕಿವಿಗೆ ಇದು ಬೀಳಬಾರದು ಎಂದೂ ಹೇಳಿದೆ. ಯಾವಾಗ ಸಿಕ್ಕಿತು ಎಂದು ಅವರು ಕೇಳಲಿಲ್ಲ. ಕೇಳದಿದ್ದರೂ ನಾನೇ ಹೇಳಿದೆ. “ಈಗ ಬೆನ್ನು ಒರೆಸುವಾಗ ಸಿಕ್ಕಿತು.”

ಅವರು ಒಣಗಿದ ತುಂಡನ್ನು ಇಕ್ಕಳದಲ್ಲಿ ಎತ್ತಿ ಎರಡೂ ಕಡೆ ನೋಡಿದರು. ಮಡಿಚಿದ ಕಾಗದದ ಗೆರೆಗಳನ್ನೂ ನೋಡಿದರೆಂದು ನನಗನ್ನಿಸಿತು. “ಒಂದು ನಿಮಿಷ, ಬಂದೆ” ಎಂದು ವಾರ್ಡಿನ ಕಡೆ ಹೋದರು. ಬರಲು ಹತ್ತು ನಿಮಿಷವೇ ಆಯಿತು. ಬಂದವರು ಆ ತುಂಡೊಂದನ್ನೇ ಹೊಸ ಪ್ಲೇಟಿನ ಮೇಲಿಟ್ಟು ಯಂತ್ರ ಹಾಕಿದರು. ಕತ್ತಲೆ ಕೋಣೆಯಲ್ಲಿ ಪ್ಲೇಟು ತೊಳೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಕೆಂಪು ದೀಪದಡಿಯಲ್ಲಿ, ನೀರಿನೊಳಗೆ, ಅದೇ ಹುಣಸೆಬೀಜ ಮೂಡಿ ಬಂತು. ಅದೇ ಅಂಚು, ಒಂದು ಪಕ್ಕದ ಅದೇ ತಗ್ಗು.

ಎಂಟು ಗಂಟೆಗೆ ದೊಡ್ಡ ಡಾಕ್ಟರು ತೋಳು ಮಡಿಚಿಕೊಂಡು ಆಪರೇಷನ್ ಕೋಣೆಗೆ ಬಂದಾಗ ಹೊಸ ಡಾಕ್ಟರು ಎರಡು ಪ್ಲೇಟನ್ನೂ ಎತ್ತಿ ಹಿಡಿದು ಎಲ್ಲ ವಿವರಿಸಿದರು. ದೊಡ್ಡ ಡಾಕ್ಟರ ಮುಖ ಕೆಂಪಾಯಿತು.

“ಪ್ಲೇಟ್ ತೆಗೆಯೋ ಮುಂಚೆ ಬೆನ್ನು ನೋಡ್ಬೇಕು ಅಂತ ಗೊತ್ತಾಗ್ಲಿಲ್ಲವೇನ್ರೀ ನಿಮಗೆ?”

“ನೋಡಲಿಲ್ಲ ಸಾರ್. ತಪ್ಪು ನನ್ನದು.”

ಈ ಒಂದು ಬೈಗುಳಕ್ಕೆ ನಾನು ಮೂರು ತಿಂಗಳು ಕಾದಿದ್ದೆ. ಬಂತು. ಸುಳ್ಳು ಹೇಳಲಾರೆ, ಅರ್ಧ ನಿಮಿಷ ಸೊಗಸಾಗಿಯೇ ಇತ್ತು. ಅಷ್ಟರಲ್ಲಿ ಹೊಸ ಡಾಕ್ಟರು ನನ್ನ ಕಡೆ ಕೈ ಮಾಡಿದರು.

“ಉಳಿಸಿದವರು ಇವರು ಸಾರ್. ಕಂಡ ತಕ್ಷಣ ಬಂದು ಹೇಳಿದರು. ಕಲ್ಲು ಕೆಳಗಿದೆ ಅಂತ ಭಾನುವಾರವೇ ಬರೆದಿದ್ದಾರೆ. ಇನ್ನೊಂದು ಪ್ಲೇಟ್ ಕೆಳಗಡೆ ಇಟ್ಟು ತೆಗೀತೀನಿ.”

ದೊಡ್ಡ ಡಾಕ್ಟರು ನನ್ನ ಬೆನ್ನು ತಟ್ಟಿದರು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ನನ್ನ ಕಣ್ಣು ಮಾತ್ರ ಹೊಸ ಡಾಕ್ಟರ ಮುಖದ ಮೇಲಿತ್ತು. ಅಲ್ಲಿ ಅವಮಾನ ಇರಬೇಕಿತ್ತು. ಇರಲಿಲ್ಲ. ಬೈಸಿಕೊಳ್ಳುವುದನ್ನೂ ಈ ಮನುಷ್ಯ ನನಗಿಂತ ಚೆನ್ನಾಗಿ ಮಾಡುತ್ತಾನಲ್ಲ ಎಂದು ಮೈ ಉರಿಯಿತು.

ಮೂರನೆಯ ಪ್ಲೇಟಿಗೆ ಮೇಸ್ತ್ರಿಯನ್ನು ನಾನೇ ಮಲಗಿಸಿದೆ. ಒಳಂಗಿ ತೆಗೆಸಿ, ಕಟ್ಟು ಬಿಚ್ಚಿ, ಬೆನ್ನನ್ನೆಲ್ಲ ಸೋಪಿನಲ್ಲಿ ಒರೆಸಿ. ಉಸಿರು ಹಿಡಿ, ಬಿಡು ಎಂದು ಹೇಳಿದವನೂ ನಾನೇ. ಪ್ಲೇಟಿನಲ್ಲಿ ಮೇಲುಗಡೆ ಏನೂ ಇರಲಿಲ್ಲ. ಕೆಳಗೆ, ಮೂತ್ರಕೋಶದ ಹತ್ತಿರ, ಅಕ್ಕಿ ನುಚ್ಚಿನಷ್ಟು ಬಿಳಿ ಚುಕ್ಕೆ. ನಾನು ಶೀಟಿನಲ್ಲಿ ಬರೆದ ಜಾಗದಲ್ಲೇ.

ಕೊಯ್ಯುವುದು ಬೇಡ, ಹತ್ತು ದಿನ ಕಾಯೋಣ ಎಂದಾಯಿತು. ಮುಂದಿನದು ನನ್ನ ಹಳೆಯ ಕ್ರಮವೇ. ಗಂಟೆಗೊಮ್ಮೆ ದೊಡ್ಡ ಲೋಟದಲ್ಲಿ ನೀರು ಅಥವಾ ಬಾರ್ಲಿ ಗಂಜಿ. ದಿನಕ್ಕೆ ಮೂರು ಸಲ ಪೊಟ್ಯಾಸಿಯಂ ಸಿಟ್ರೇಟ್ ಮಿಕ್ಸ್ಚರು. ಎರಡು ಹೊತ್ತು ಸೊಂಟದವರೆಗೆ ಬಿಸಿನೀರಿನ ತೊಟ್ಟಿ. ಮನೆಯಿಂದ ಬಂದ ಹುರುಳಿ ಕಟ್ಟು, ಬಾಳೆದಿಂಡಿನ ರಸವನ್ನೂ ಬೇಡವೆನ್ನಲಿಲ್ಲ, ನೀರಂತೂ ಹೊಟ್ಟೆಗೆ ಹೋಗುತ್ತದಲ್ಲ. ನೋವಿಲ್ಲದಾಗ ಮೆಟ್ಟಿಲು ಹತ್ತಿಸಿ ಇಳಿಸಿದೆ. ಮೂತ್ರವನ್ನೆಲ್ಲ ತೆಳು ಮಲ್ಲು ಬಟ್ಟೆಯಲ್ಲಿ ಸೋಸಿ ನೋಡುತ್ತಿದ್ದೆವು. ಗುರುವಾರ ಏನೂ ಇಲ್ಲ. ಶುಕ್ರವಾರ ಮತ್ತೆ ನೋವು ಕೆರಳಿ, ಮೂತ್ರವೇ ಕಟ್ಟಿಕೊಂಡಂತಾಗಿ, ಇನ್ನೊಂದು ಮಾರ್ಫಿಯಾ ಕೊಡಬೇಕಾಯಿತು. ಅವತ್ತು ನನಗೆ ಹೆದರಿಕೆಯಾಯಿತು. ಕಾಯಿರಿ ಎಂದವನು ನಾನೇ.

ಶನಿವಾರ ಬೆಳಿಗ್ಗೆ ಮೇಸ್ತ್ರಿ ತಾನೇ ಎದ್ದು ನಡೆದು ಬಂದ. ಕೈಯಲ್ಲಿ ಬಿಳಿಯ ತಗಡಿನ ಬೋಗುಣಿ.

“ಟಕ್ ಅಂತು ಡಾಕ್ಟ್ರೇ.”

ನುಚ್ಚಿಗಿಂತ ಕೊಂಚ ದೊಡ್ಡದು. ಮೈಯೆಲ್ಲ ಮುಳ್ಳು. ಅವನ ಹೆಂಡತಿ ಅದನ್ನು ತೊಳೆದು ಕರವಸ್ತ್ರದಲ್ಲಿ ಕಟ್ಟಿ ನನ್ನ ಮುಂದಿಟ್ಟಳು. ಸೀಸೆಯ ಮುಚ್ಚಳ ತೆಗೆಯಲು ನನಗೆ ಕೈ ಬರಲಿಲ್ಲ. ಗಂಟನ್ನು ತೆಗೆದುಕೊಂಡು ಎಕ್ಸ್‌ರೇ ಕೋಣೆಗೆ ಹೋದೆ. “ಇದು ನಿಮ್ಮ ಹತ್ತಿರ ಇರಲಿ. ಪ್ಲೇಟಿನ ಜೊತೆಗೆ” ಎಂದೆ.

ಹೊಸ ಡಾಕ್ಟರು ಕಲ್ಲನ್ನು ಅಂಗೈಯಲ್ಲಿಟ್ಟು ನೋಡಿ ವಾಪಸು ಕೊಟ್ಟರು. “ಇವರ ಇನ್ನೆರಡು ನಿಮ್ಮ ಸೀಸೆಯಲ್ಲಿವೆಯಲ್ಲ. ಇದನ್ನು ಯಾಕೆ ಬೇರೆ ಮಾಡಬೇಕು?” ಎಂದರು. ಸೀಸೆಯೊಳಗೆ ಯಾರದು ಎಷ್ಟಿವೆ ಎಂದು ಅವರಿಗೆ ತಿಳಿದಿತ್ತು. ಆ ಧೂಳಿನ ಸೀಸೆಯನ್ನು ಅವರು ಯಾವಾಗ ನೋಡಿದ್ದರೋ ನನಗೆ ಗೊತ್ತಿಲ್ಲ.

ಸೋಮವಾರ ಮೇಸ್ತ್ರಿಯನ್ನು ಮನೆಗೆ ಕಳಿಸಿದೆವು. ಭಟ್ಟಿಯ ಪಕ್ಕದಲ್ಲೇ ಒಂದು ಕೊಡ ನೀರಿಟ್ಟು, ಒಂದು ಒಬ್ಬೆ ಬನ್ನು ಸುಡುವುದರೊಳಗೆ ಒಂದು ಚೊಂಬು ಮುಗಿಸಬೇಕೆಂದು ಅವನ ಹೆಂಡತಿಗೆ ಹೇಳಿದೆ. “ಬನ್ನು ಸೀದರೆ ಸೀಯಲಿ” ಎಂದೆ. “ನಾನು ನೋಡ್ಕೋತೀನಿ ಬುಡಿ” ಎಂದಳು.

ಅಂದು ಮಧ್ಯಾಹ್ನ, ವಾರ್ಡು ಊಟ ಮುಗಿಸಿ ತೂಕಡಿಸುತ್ತಿದ್ದ ಹೊತ್ತಿನಲ್ಲಿ, ನನಗೆ ಡ್ರೆಸ್ಸಿಂಗ್ ರಿಜಿಸ್ಟರು ನೆನಪಾಯಿತು. ಬುಧವಾರ ಬೆಳಿಗ್ಗೆ ಸಿಕ್ಕಿತೆಂದು ಬಾಯಲ್ಲಿ ಹೇಳಿದ್ದೆ. ಸೋಮವಾರ ಸಂಜೆ ಎಂದು ಕೈಯಲ್ಲಿ ಬರೆದಿದ್ದೆ. ದೊಡ್ಡ ಡಾಕ್ಟರು ತಿಂಗಳ ಕೊನೆಗೆ ಆ ರಿಜಿಸ್ಟರಿನ ಪುಟ ಪುಟವನ್ನೂ ತಿರುವುತ್ತಿದ್ದರು. ಲೇಖನಿ ಕೆತ್ತುವ ಚಾಕು ಜೇಬಿಗೆ ಹಾಕಿಕೊಂಡು ವಾರ್ಡಿಗೆ ಹೋದೆ. ಶಾಯಿಯನ್ನು ಹದವಾಗಿ ಕೆರೆದು, ಸೋಮ ಇದ್ದಲ್ಲಿ ಬುಧ ಮಾಡಿ, ಗಂಟೆ ತಿದ್ದಿದರೆ ಸಾಕು. ನನ್ನಂಥ ಅಕ್ಷರದವನಿಗೆ ಅದೊಂದು ದೊಡ್ಡ ಕೆಲಸವಲ್ಲ.

ಪುಟ ತೆರೆದೆ. ನನ್ನ ಸಾಲು ಅಲ್ಲೇ ಇತ್ತು, ದುಂಡಗೆ. ಅದರ ಎದುರು, ಅಂಚಿನಲ್ಲಿ, ಬೇರೆ ಶಾಯಿಯಲ್ಲಿ ಎರಡು ಅಕ್ಷರದ ಚಿಕ್ಕ ರುಜು. ಹೊಸ ಡಾಕ್ಟರದು. ಕೆಳಗೆ ‘ನೋಡಿದೆ, ಬುಧವಾರ ಬೆಳಿಗ್ಗೆ ಏಳೂವರೆ’ ಎಂದು ಬರೆದಿತ್ತು.

ಎಂಟು ಗಂಟೆಗೆ ಅವರು ನನ್ನ ಕಡೆ ಕೈ ಮಾಡಿ ‘ಕಂಡ ತಕ್ಷಣ ಬಂದು ಹೇಳಿದರು’ ಎಂದಿದ್ದರು. ಅದಕ್ಕೆ ಅರ್ಧ ಗಂಟೆ ಮುಂಚೆ ಈ ಸಾಲನ್ನು ಓದಿದ್ದರು. ಆಮೇಲೆ ಐದು ದಿನ ನನ್ನ ಜೊತೆ ಮೆಟ್ಟಿಲು ಹತ್ತಿದ್ದರು, ಮೂತ್ರ ಸೋಸಿದ್ದರು, ಕಾಫಿ ಕುಡಿದಿದ್ದರು. ಈ ಸಾಲಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಚಾಕುವನ್ನು ಮಡಿಚಿದೆ. ಅವರಿಗೆ ಕೃತಜ್ಞನಾಗಬೇಕಿತ್ತು, ಆಗಲಿಲ್ಲ. ಇಷ್ಟು ವರ್ಷವಾದ ಮೇಲೂ ಪೂರ್ತಿ ಆಗಿದ್ದೇನೆಂದು ಹೇಳಲಾರೆ. ಆ ಅಂಚಿನ ಒಂದು ಸಾಲನ್ನು ಮತ್ತೆ ಮತ್ತೆ ಓದಿದೆ. ಅವರ ಅಕ್ಷರ ನನ್ನದಕ್ಕಿಂತ ಚೆನ್ನಾಗಿತ್ತು.